ಹಾಡಿನ ಜೊತೆ ಅದರ ವಿಳಾಸವನ್ನೂ ಕಳಿಸಿ

ಪ್ರಿಯ ಓದುಗರೇ,

ನಿಮ್ಮ ಪತ್ರದ ಸಾರ ಇಷ್ಟು. ನಿಮ್ಮಲ್ಲಿ ಒಂದಷ್ಟು 78ರ ತಟ್ಟೆಗಳು (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳು), ಕೆಲವು ಎಲ್‌ಪಿಗಳು, ಒಂದು ಪೆಟ್ಟಿಗೆ ಕ್ಯಾಸೆಟ್ಟುಗಳಿವೆ. ಅವುಗಳಿಂದ ದಿನಾ ಬೆಳಿಗ್ಗೆ ಐದಾರು ಹಾಡುಗಳನ್ನು ಆನ್‌ಲೈನ್ ಗೆಳೆಯರಿಗೆ ಕಳಿಸುತ್ತೀರಿ. ಉತ್ತರವಾಗಿ ಬರುವುದು ಕೈಮುಗಿದ ಚಿತ್ರ, ಹೂವಿನ ಚಿತ್ರ, ಅಷ್ಟೇ. ಒಬ್ಬ ಗೆಳತಿ ‘ಧ್ವನಿ ಮಗುವಿನದರಂತಿದೆ’ ಎಂದರು. ಇನ್ನೊಬ್ಬರು ‘ಇದು ನೀವು ಹೇಳುವ ಗಾಯಕಿಯೇ ಅಲ್ಲ’ ಎಂದರು. ಹೀಗೆ ಹಂಚುವುದು ಕಾನೂನಿಗೆ ಸರಿಯೇ, ಬಿರುಕು ಬಿಟ್ಟ ತಟ್ಟೆಯನ್ನು ನುಡಿಸಬಹುದೇ ಎಂದೂ ಕೇಳಿದ್ದೀರಿ.

ಗಾಯಕಿಯ ಹೆಸರಿನಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದಕ್ಕೆ ಅಂಟಿಕೊಂಡೇ ಬರುತ್ತದೆ. ಹಾಡಿನ ಹೆಸರು, ಹಾಡಿದವರ ಹೆಸರು ಎರಡನ್ನು ಬರೆದರೆ ಗುರುತು ಪೂರ್ತಿಯಾಯಿತು ಎಂದುಕೊಳ್ಳುತ್ತೇವೆ. ಆಗಿರುವುದಿಲ್ಲ. ಇಟಲಿಯ ಒಪೆರಾ ಗಾಯಕ ಎನ್ರಿಕೊ ಕರೂಸೊ ‘ಪಾಲ್ಯಾಚಿ’ ಒಪೆರಾದ ‘ವೆಸ್ತಿ ಲಾ ಜುಬ್ಬಾ’ವನ್ನು 1902ರಲ್ಲಿ ಒಮ್ಮೆ, 1904ರಲ್ಲಿ ಒಮ್ಮೆ, 1907ರಲ್ಲಿ ಮತ್ತೊಮ್ಮೆ ಧ್ವನಿಮುದ್ರಿಸಿದ. ಮೊದಲೆರಡರಲ್ಲಿ ಪಿಯಾನೊ, ಮೂರನೆಯದರಲ್ಲಿ ವಾದ್ಯವೃಂದ. ಗಾಯಕ ಒಬ್ಬನೇ, ಹಾಡೂ ಒಂದೇ, ಕೇಳುವ ಅನುಭವ ಮಾತ್ರ ಮೂರು ಬಗೆ. ‘ಕರೂಸೊ ಹಾಡಿದ್ದು’ ಎಂದಷ್ಟೇ ಬರೆದು ಕಳಿಸಿದರೆ, ನೀವು ಯಾವುದನ್ನು ಮೆಚ್ಚಿದಿರಿ ಎಂಬುದೇ ಗೆಳೆಯರಿಗೆ ತಿಳಿಯುವುದಿಲ್ಲ.

ಲೇಬಲ್ಲನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 1949ರ ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ಹಾಡಿನ ತಟ್ಟೆಯ ಮೇಲೆ ಗಾಯಕಿಯ ಜಾಗದಲ್ಲಿ ಇದ್ದದ್ದು ‘ಕಾಮಿನಿ’ ಎಂಬ ಹೆಸರು. ಅದು ಚಿತ್ರದ ಪಾತ್ರದ ಹೆಸರು, ಹಾಡಿದ್ದವರು ಲತಾ ಮಂಗೇಶ್ಕರ್. ಹಳೆಯ ಚಿತ್ರಗೀತೆಗಳ ತಟ್ಟೆಗಳಲ್ಲಿ ಇಂಥ ಗೊಂದಲ ಸಾಕಷ್ಟಿದೆ. ನಿಮ್ಮ ಗೆಳೆಯರ ಆಕ್ಷೇಪವನ್ನು ಇದೇ ದೃಷ್ಟಿಯಿಂದ ನೋಡಿ. ನೀವು ಲೇಬಲ್ಲಿನಲ್ಲಿ ಇದ್ದದ್ದನ್ನೇ ಬರೆದಿರಬಹುದು, ಅವರು ಹೇಳಿದ್ದೂ ನಿಜವಿರಬಹುದು. ‘ಲೇಬಲ್ಲಿನ ಮೇಲೆ ಹೀಗಿದೆ, ಕೇಳಿದರೆ ಹಾಗನ್ನಿಸುತ್ತದೆ’ ಎಂದು ಎರಡನ್ನೂ ಬರೆಯಿರಿ. ಒಂದನ್ನು ಅಳಿಸಿ ಇನ್ನೊಂದನ್ನು ಇಡಬೇಡಿ.

ತಟ್ಟೆಯ ನಿಜವಾದ ವಿಳಾಸ ಲೇಬಲ್ಲಿನ ಅಂಚಿನಾಚೆ ಇರುತ್ತದೆ. ಮುಳ್ಳು ಓಡುವ ಸುರುಳಿ ಗೆರೆಯ, ಅಂದರೆ ಗೀರಿನ, ಕೊನೆಯ ಸುತ್ತು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗವನ್ನು ಟಾರ್ಚಿನ ಓರೆ ಬೆಳಕಿನಲ್ಲಿ ನೋಡಿ. ಅಲ್ಲಿ ಕೊರೆದ ಅಥವಾ ಒತ್ತಿದ ಸಂಖ್ಯೆಯೊಂದು ಸಾಮಾನ್ಯವಾಗಿ ಸಿಗುತ್ತದೆ. ಅದೇ ಮ್ಯಾಟ್ರಿಕ್ಸ್ ಸಂಖ್ಯೆ. ಲೇಬಲ್ಲಿನ ಮೇಲಿರುವುದು ಮಾರಾಟದ ಕ್ಯಾಟಲಾಗ್ ಸಂಖ್ಯೆ, ಮರುಮುದ್ರಣವಾದಾಗ ಅದು ಬದಲಾಗುತ್ತದೆ. ಮ್ಯಾಟ್ರಿಕ್ಸ್ ಸಂಖ್ಯೆ ಆ ದಿನ ಆ ಕೋಣೆಯಲ್ಲಿ ಆದ ಮುದ್ರಣಕ್ಕೆ ಸೇರಿದ್ದು. ಅದರ ಕೊನೆಗೆ ಇನ್ನೊಂದು ಅಂಕೆಯೋ ಅಕ್ಷರವೋ ಇದ್ದರೆ ಬಿಡದೆ ಬರೆದುಕೊಳ್ಳಿ. ಅದು ಎಷ್ಟನೆಯ ಸಲ ಹಾಡಿದ್ದು ಎಂಬುದನ್ನು ಸೂಚಿಸಬಹುದು. ಲೇಬಲ್ಲಿನದೊಂದು, ಈ ನುಣುಪು ಜಾಗದ್ದೊಂದು ಫೋಟೊ ತೆಗೆದು ಹಾಡಿನ ಜೊತೆಗೇ ಕಳಿಸಿ. ಸಂಖ್ಯೆ ಕೈಯಲ್ಲಿದ್ದರೆ ತಟ್ಟೆಗಳ ಆನ್‌ಲೈನ್ ಪಟ್ಟಿಯಾದ ಡಿಸ್ಕಾಗ್ಸ್‌ನಲ್ಲಿ ಹುಡುಕಬಹುದು. ಅಮೆರಿಕದ ಹಳೆಯ ತಟ್ಟೆಗಳಿಗೆ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ನಡೆಸುವ ಧ್ವನಿಮುದ್ರಣ ಸೂಚಿಯಿದೆ.

ಇಲ್ಲೇ ಇನ್ನೊಂದು ಮಾತು. ಫೈಲನ್ನು ಕತ್ತರಿಸುವಾಗ ಹಾಡು ಮುಗಿಯಿತು ಎಂದು ಅವಸರದಿಂದ ಬಾಲ ಕತ್ತರಿಸಬೇಡಿ. 1902ರಲ್ಲಿ ಕಲ್ಕತ್ತಾದಲ್ಲಿ ಮುದ್ರಿಸತೊಡಗಿದ ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಮುದ್ರಣವನ್ನು ಅಚ್ಚಿಗಾಗಿ ಜರ್ಮನಿಯ ಹ್ಯಾನೋವರ್‌ಗೆ ಕಳಿಸಲಾಗುತ್ತಿತ್ತು. ಅಲ್ಲಿನವರಿಗೆ ಯಾರ ಹಾಡು ಎಂದು ತಿಳಿಯಲು ಆ ಕೂಗು ನೆರವಾಗುತ್ತಿತ್ತು. ಅದೂ ಮುದ್ರಣದ ಭಾಗವೇ.

ಇನ್ನು ‘ಮಗುವಿನ ಧ್ವನಿ’. ಇದು ವೇಗದ ದೋಷ. 78 ಎಂಬುದು ಮೊದಲಿನಿಂದಲೂ ಖಚಿತವಾಗಿದ್ದ ಸಂಖ್ಯೆಯಲ್ಲ. ಆರಂಭದ ದಶಕಗಳಲ್ಲಿ ನಿಮಿಷಕ್ಕೆ ಎಪ್ಪತ್ತರ ಆಸುಪಾಸಿನಿಂದ ಎಂಬತ್ತರ ಮೇಲಿನವರೆಗೂ ಬೇರೆ ಬೇರೆ ವೇಗದಲ್ಲಿ ಮುದ್ರಿಸಿದರು. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶೇಕಡಾ 5ಕ್ಕೂ ಹೆಚ್ಚು ವೇಗ, ಅಂದರೆ ಶ್ರುತಿ ಸರಿಸುಮಾರು ಅರ್ಧ ಸ್ವರ, ಹಾರ್ಮೋನಿಯಮ್ಮಿನಲ್ಲಿ ಪಕ್ಕದ ಮನೆಯಷ್ಟು, ಏರುತ್ತದೆ. ಗಮಕಗಳು ಓಡುತ್ತವೆ, ಧ್ವನಿ ತೆಳುವಾಗುತ್ತದೆ. ಪಕ್ಕವಾದ್ಯವಾಗಿ ಹಾರ್ಮೋನಿಯಮ್ಮೋ ಪಿಯಾನೋ ಇದ್ದರೆ ಪತ್ತೆ ಸುಲಭ. ಆಧಾರ ಷಡ್ಜ ಎರಡು ಮನೆಗಳ ನಡುವೆ ಎಲ್ಲೋ ಬಿದ್ದರೆ ವೇಗವನ್ನು ಅನುಮಾನಿಸಿ. ಪಕ್ಕವಾದ್ಯವನ್ನು ಬೇರೆ ಶ್ರುತಿಗೆ ಕಟ್ಟಿದ್ದಿರಬಹುದಾದ್ದರಿಂದ ಒಂದೇ ತಟ್ಟೆಯಿಂದ ತೀರ್ಮಾನಿಸಬೇಡಿ. ಒಂದೇ ದಿನ ಮುದ್ರಿಸಿದ, ತಟ್ಟೆಯ ಇನ್ನೆರಡು ಪಕ್ಕಗಳನ್ನೂ ಹೋಲಿಸಿ. ಧ್ವನಿ ತಿದ್ದುವ ಉಚಿತ ತಂತ್ರಾಂಶವಾದ ಅಡಾಸಿಟಿಯಲ್ಲಿ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆಯನ್ನೇ ಬಳಸಿ. ಶ್ರುತಿಯನ್ನು ಮಾತ್ರ ಇಳಿಸುವ ಆಯ್ಕೆ ಇಲ್ಲಿ ತಪ್ಪು ಮದ್ದು, ಓಟ ಹಾಗೇ ಉಳಿಯುತ್ತದೆ. 78ರಿಂದ 74ಕ್ಕೆ ಇಳಿಸಿದ್ದರೆ ಅದನ್ನು ಬರೆದು ತಿಳಿಸಿ. ಅದು ನಿಮ್ಮ ಅಂದಾಜು, ಇನ್ನೊಬ್ಬರು ಒಪ್ಪದಿರಬಹುದು.

ತಟ್ಟೆಯಿಂದ ಹಾಡನ್ನು ಕಂಪ್ಯೂಟರಿಗೆ ತೆಗೆಯುವಾಗ ಮುಳ್ಳಿನ ಕಡೆ ಗಮನವಿರಲಿ. ಎಲ್‌ಪಿಯ ಮುಳ್ಳಿನ ತುದಿ ಸುಮಾರು 25 ಮೈಕ್ರಾನ್, 78ಕ್ಕೆ ಬೇಕಾದದ್ದು ಸುಮಾರು 75. ಸಣ್ಣ ಮುಳ್ಳು ಅಗಲ ಗೀರಿನ ತಳಕ್ಕೆ ಇಳಿದು ಅಲ್ಲಿ ಕೂತ ದೂಳನ್ನೇ ಓದುತ್ತದೆ. ‘ಹಳೆಯ ತಟ್ಟೆ, ಕರಕರ ಎನ್ನುತ್ತದೆ’ ಎಂದು ನಾವು ಸಹಿಸಿಕೊಳ್ಳುವ ಸದ್ದಿನಲ್ಲಿ ದೊಡ್ಡ ಪಾಲು ಇದರದೇ. ಉಕ್ಕಿನ ಮುಳ್ಳಿನ ಹಳೆಯ ಗ್ರಾಮಫೋನ್ ನೋಡಲು ಚಂದ, ಆದರೆ ಪ್ರತಿ ಸಲವೂ ತಟ್ಟೆಯನ್ನು ಸವೆಸುತ್ತದೆ. ಹಂಚಿಕೊಳ್ಳಲು ಅದರಿಂದ ತೆಗೆಯಬೇಡಿ. ತೊಳೆಯುವಾಗ ಒಂದು ಎಚ್ಚರ: 78ರ ತಟ್ಟೆಯಲ್ಲಿರುವುದು ಅರಗು, ಆಲ್ಕೊಹಾಲ್ ತಗುಲಿದರೆ ಕರಗುತ್ತದೆ. ಎಲ್‌ಪಿಗೆಂದು ಮಾರುವ ಶುಚಿದ್ರವಗಳಲ್ಲಿ ಅದು ಇರಬಹುದು, ಓದಿ ನೋಡಿ. ಬಟ್ಟಿ ಇಳಿಸಿದ ನೀರು, ಒಂದೆರಡು ಹನಿ ಮೃದು ಸೋಪು, ಗೀರಿನ ದಿಕ್ಕಿನಲ್ಲೇ ಓಡಿಸುವ ಮೆತ್ತನೆಯ ಬ್ರಷ್ ಸಾಕು. ಲೇಬಲ್ ನೆನೆಯಬಾರದು.

ನಿಮ್ಮ ಟರ್ನ್‌ಟೇಬಲ್ಲಿನಲ್ಲಿ 78 ಇಲ್ಲದಿದ್ದರೂ 78ರ ಮುಳ್ಳು ಹಾಕಿ 45ರಲ್ಲಿ ನುಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ 1.733 ಪಟ್ಟು ಏರಿಸಬಹುದು. ತೊಡಕು ಒಂದೇ. ಫೋನೊ ಆಂಪ್ಲಿಫಯರ್ ಎಲ್‌ಪಿಗಾಗಿ ಮಾಡುವ ಮಂದ್ರ-ತಾರದ ತಿದ್ದುಪಡಿ ವೇಗ ಏರಿದಾಗ ತಪ್ಪು ಜಾಗಕ್ಕೆ ಸರಿಯುತ್ತದೆ. ವೇಗ ಬದಲಿಸುವ ಮುಂಚೆ ಆ ತಿದ್ದುಪಡಿಯನ್ನು ಉಲ್ಟಾ ಹಾಕಿ ತೆಗೆಯಿರಿ, ಆಮೇಲೆ ಏರಿಸಿ, ಕೊನೆಗೆ ಕಿವಿಗೆ ಒಪ್ಪುವಂತೆ ಮಂದ್ರವನ್ನು ಸೇರಿಸಿ.

ಮುದ್ರಣದ ಮಟ್ಟ ಅತಿ ಗಟ್ಟಿಯ ಜಾಗದಲ್ಲೂ ಮೈನಸ್ 6 ಡೆಸಿಬೆಲ್ ದಾಟದಿರಲಿ. 24 ಬಿಟ್, 48 ಅಥವಾ 96 ಕಿಲೊಹರ್ಟ್ಸ್‌ನಲ್ಲಿ ಒಂದು ವೇವ್ ಫೈಲ್ ಉಳಿಸಿ. ಅದನ್ನು ಎಂದೂ ಮುಟ್ಟಬೇಡಿ, ತಿದ್ದುವುದೆಲ್ಲ ಅದರ ಪ್ರತಿಯ ಮೇಲೆ. 78ರ ತಟ್ಟೆ ಮೊನೊ, ಅಂದರೆ ಒಂದೇ ಚಾನೆಲ್ಲಿನದು. ಫೈಲಿನ ಎರಡೂ ಚಾನೆಲ್ಲುಗಳನ್ನು ಕೂಡಿಸಿ ಒಂದು ಮಾಡಿದರೆ ಹಾಡು ಹಾಗೇ ಇದ್ದು ಕರಕರ ಸದ್ದು ಕಡಿಮೆಯಾಗುತ್ತದೆ, ಇಷ್ಟಕ್ಕೆ ಯಾವ ಫಿಲ್ಟರೂ ಬೇಕಿಲ್ಲ. ಸದ್ದು ತೆಗೆಯುವ ಫಿಲ್ಟರನ್ನು 6ರಿಂದ 8 ಡೆಸಿಬೆಲ್‌ಗಿಂತ ಹೆಚ್ಚು ಬಳಸಬೇಡಿ. ಹೆಚ್ಚಾದರೆ ಧ್ವನಿ ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ, ‘ಸ’ ‘ಶ’ಗಳು ಮೊಂಡಾಗುತ್ತವೆ, ತಂಬೂರಿಯ ಝೇಂಕಾರ ಸದ್ದಿನ ಜೊತೆಗೇ ಅಳಿಸಿಹೋಗುತ್ತದೆ. ಸ್ವಲ್ಪ ಕರಕರ ಉಳಿದರೆ ಕಿವಿ ಎರಡೇ ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ. ಕಳೆದುಹೋದ ಝೇಂಕಾರಕ್ಕೆ ಮಾತ್ರ ಹೊಂದಿಕೊಳ್ಳುವುದಿಲ್ಲ.

ಕ್ಯಾಸೆಟ್ಟಿನ ಹಾಡು ಮಂಕಾಗಿದ್ದರೆ ಮೊದಲು ಟೇಪನ್ನು ಓದುವ ಹೆಡ್ಡನ್ನು ಒರೆಸಿ. ಆಮೇಲೆ ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ನೋಡಿ. ಡಾಲ್ಬಿ ಇಲ್ಲದೆ ಮುದ್ರಿಸಿದ ಟೇಪಿಗೆ ಅದನ್ನು ಹಾಕಿದರೆ ಮೇಲಿನ ಸ್ವರಗಳ ಹೊಳಪು ಹೋಗುತ್ತದೆ. ಅದೂ ಅಲ್ಲವೆಂದರೆ ಹೆಡ್ಡಿನ ಪಕ್ಕದ ಓರೆ ತಿದ್ದುವ ಸ್ಕ್ರೂ. ಮೊನೊದಲ್ಲಿ ಕೇಳುತ್ತಾ ಕೂದಲೆಳೆಯಷ್ಟು ತಿರುಗಿಸಿ, ಧ್ವನಿ ಅತಿ ಸ್ಪಷ್ಟವಾದಲ್ಲಿ ನಿಲ್ಲಿಸಿ.

ಕಳಿಸುವ ದಾರಿಯಲ್ಲೇ ಹಾಳಾಗುವುದು ಬಹಳ. ಫೋನನ್ನು ಸ್ಪೀಕರಿನ ಮುಂದೆ ಹಿಡಿದು ಧ್ವನಿಸಂದೇಶ ಮಾಡುವ ರೂಢಿಯನ್ನು ದಯವಿಟ್ಟು ಬಿಡಿ. ಫೋನಿನ ಮೈಕು ಮಾತಿಗೆಂದು ಹೊಂದಿಸಿದ್ದು. ಎಳೆದು ಹಾಡಿದ ಸ್ವರ ಅದಕ್ಕೆ ಹಿನ್ನೆಲೆಯ ಗದ್ದಲದಂತೆ ಕಾಣುತ್ತದೆ, ಅದನ್ನು ಅದುಮುತ್ತದೆ. ಫೈಲನ್ನು ‘ಡಾಕ್ಯುಮೆಂಟ್’ ಆಗಿ ಲಗತ್ತಿಸಿದರೆ ಆಪ್ ಅದನ್ನು ಮತ್ತೆ ಹಿಂಡುವ ಅಪಾಯ ಕಡಿಮೆ. ಮೂರು ನಿಮಿಷದ ಒಂದು ಪಕ್ಕ ಸಿಡಿ ಗುಣಮಟ್ಟದ ವೇವ್‌ನಲ್ಲಿ 32 ಎಂಬಿಯಷ್ಟು, 320ರ ಎಂಪಿ3ಯಲ್ಲಿ 7 ಎಂಬಿ ಚಿಲ್ಲರೆ. ಗೆಳೆಯರಿಗೆ ಎಂಪಿ3 ಸಾಕು, ಕಾಪಾಡಿಡಲು ಕೇಳುವವರಿಗೆ ಗುಣಮಟ್ಟ ಕಳೆಯದೆ ಹಿಂಡುವ ಫ್ಲ್ಯಾಕ್ ಫೈಲ್ ಕೊಡಿ. ಫೈಲಿನ ಹೆಸರಿನಲ್ಲೇ ಹಾಡುಗಾರರು, ಹಾಡು, ವರ್ಷ, ಮ್ಯಾಟ್ರಿಕ್ಸ್ ಸಂಖ್ಯೆ ಇರಲಿ. ಮುಂದಕ್ಕೆ ರವಾನೆಯಾದಾಗ ನೀವು ಬರೆದ ಸಾಲುಗಳು ಹಿಂದೆ ಉಳಿದರೂ ಫೈಲಿನ ಹೆಸರು ಜೊತೆಗೆ ಹೋಗುತ್ತದೆ.

ಗೆಳೆಯರು ಯಾಕೆ ಕೇಳುತ್ತಿಲ್ಲ ಎಂದಿರಿ. ದಿನಕ್ಕೆ ಆರು ಹಾಡೆಂದರೆ ಹತ್ತಿರ ಹತ್ತಿರ ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಕೂತು ಕೇಳಿ ಎಂದು ನೀವು ದಿನಾ ಕೇಳಿಕೊಂಡಂತಾಯಿತು. ವಾರಕ್ಕೆ ಎರಡೇ ಕಳಿಸಿ. ಜೊತೆಗೆ ಮೂರು ಸಾಲು: ಯಾರು ಮತ್ತು ಯಾವಾಗ, ಪಕ್ಕವಾದ್ಯ ಯಾವುದು, ಯಾವ ನಿಮಿಷದಲ್ಲಿ ಏನನ್ನು ಗಮನಿಸಬೇಕು. ಮೂರನೆಯದೇ ಮುಖ್ಯ. ‘ಅದ್ಭುತ ಗಾಯನ’ ಎಂದರೆ ಯಾರೂ ಹಾಡನ್ನು ತೆರೆಯುವುದಿಲ್ಲ. ‘1 ನಿಮಿಷ 40 ಸೆಕೆಂಡಿನಲ್ಲಿ ತಾರ ಷಡ್ಜ ಹಿಡಿದ ಮೇಲೆ ಉಸಿರು ಎಲ್ಲಿ ತೆಗೆದುಕೊಂಡರು ನೋಡಿ’ ಎಂದರೆ ತೆರೆಯುತ್ತಾರೆ, ಉತ್ತರವನ್ನೂ ಬರೆಯುತ್ತಾರೆ. ಹತ್ತಿಂಚಿನ ತಟ್ಟೆಯ ಪಕ್ಕಕ್ಕೆ ಸುಮಾರು ಮೂರೇ ನಿಮಿಷ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರಂಥವರು ಅಷ್ಟರಲ್ಲೇ ರಾಗದ ಮುಖ ತೋರಿಸಬೇಕಿತ್ತು. ಏನನ್ನು ಇಟ್ಟುಕೊಂಡರು, ಏನನ್ನು ಬಿಟ್ಟರು ಎಂದು ಕೇಳಿಸಿಕೊಳ್ಳುವುದೇ ಒಂದು ರುಚಿ, ಹೊಸಬರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು.

ಒಬ್ಬ ಸಂಗೀತಗಾರರನ್ನೇ ಪರಿಚಯಿಸುವುದಾದರೆ ಜನಪ್ರಿಯವಾದ ಹತ್ತು ಹಾಡುಗಳ ಬದಲು ಮೂರು ಕಾಲದ ಮೂರು ಮುದ್ರಣ ಆರಿಸಿ. ಅಮೆರಿಕದ ಜಾಝ್ ಗಾಯಕಿ ಬಿಲಿ ಹಾಲಿಡೇ ಮೊದಲು ಮುದ್ರಿಸಿದ್ದು 1933ರಲ್ಲಿ. 1958ರ ಹೊತ್ತಿಗೆ ಅದೇ ಧ್ವನಿ ಒರಟಾಗಿತ್ತು, ಹರವು ಕಿರಿದಾಗಿತ್ತು, ಒಂದೊಂದು ಪದದ ಮೇಲಿನ ಭಾರ ಹೆಚ್ಚಿತ್ತು. ನಡುವಿನದೊಂದನ್ನು ಸೇರಿಸಿ ಮೂರನ್ನೂ ಒಂದೇ ವಾರ ಕಳಿಸಿದರೆ ಗೆಳೆಯರಿಗೆ ಒಂದು ಬದುಕಿನ ಓಟ ಕೇಳಿಸುತ್ತದೆ. ಎಲ್ಲರೂ ಒಟ್ಟಿಗೆ ಕೇಳಬೇಕೆಂದರೆ ಕರೆಯ ಮೂಲಕ ಹಾಡನ್ನು ಹರಿಸಬೇಡಿ. ಫೈಲನ್ನು ಮೊದಲೇ ಕಳಿಸಿ, ಮೂರರಿಂದ ಎಣಿಸಿ ಎಲ್ಲರೂ ತಂತಮ್ಮಲ್ಲಿ ಒತ್ತಲಿ, ಮಾತು ಹಾಡು ಮುಗಿದ ಮೇಲೆ.

ಕಾನೂನಿನ ಮಾತು. ಗೆಳೆಯರು ಹಲವು ದೇಶಗಳಲ್ಲಿದ್ದರೆ ಲೆಕ್ಕವೂ ಹಲವು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ. 1964ರಲ್ಲಿ ಹೊರಬಂದದ್ದು 2025ರ ಜನವರಿ 1ಕ್ಕೆ ಮುಕ್ತ. ಐರೋಪ್ಯ ಒಕ್ಕೂಟದಲ್ಲಿ 1963ರಿಂದೀಚೆಗೆ ಹೊರಬಂದವಕ್ಕೆ 70 ವರ್ಷ, ಅದಕ್ಕೂ ಮುಂಚಿನವು 50 ವರ್ಷಕ್ಕೇ ಮುಕ್ತವಾದವು. ಅಮೆರಿಕದಲ್ಲಿ 2018ರ ಕಾಯಿದೆಯಂತೆ 1923ಕ್ಕೆ ಮುಂಚಿನವು 2022ರಲ್ಲಿ ಮುಕ್ತವಾದವು, 1923ರಿಂದ 1946ರವರೆಗಿನವಕ್ಕೆ 100 ವರ್ಷ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಇದಕ್ಕಿಂತ ಬೇರೆ, ಭಾರತದಲ್ಲೂ ಐರೋಪ್ಯ ಒಕ್ಕೂಟದಲ್ಲೂ ಅದು ಬರೆದವರ ಮರಣದಿಂದ ಎಣಿಕೆಯಾಗುತ್ತದೆ. ಅವಧಿ ಮುಗಿಯದ ಹಾಡಿಗೆ ಫೈಲ್ ಬೇಡ, ಅಧಿಕೃತ ಕೊಂಡಿ ಕಳಿಸಿ. ಅಲ್ಲಿ ಕಾಣುವ ವರ್ಷ ಮರುಬಿಡುಗಡೆಯದಾಗಿರಬಹುದು. ಅದೇ ಗಾಯಕರು ಮುಂದೆ ಸ್ಟೀರಿಯೊದಲ್ಲಿ ಮತ್ತೆ ಹಾಡಿದ್ದೂ ಇರಬಹುದು. ಹಾಡು ಎಷ್ಟು ಹೊತ್ತಿನದು ಎಂಬುದನ್ನು ನಿಮ್ಮ ತಟ್ಟೆಯೊಂದಿಗೆ ಹೋಲಿಸಿ. ಹತ್ತು ಹದಿನೈದು ಸೆಕೆಂಡಿನ ವ್ಯತ್ಯಾಸವಿದ್ದು ಅದು ವೇಗದಿಂದ ಬಂದದ್ದಲ್ಲವಾದರೆ, ಬೇರೆ ಮುದ್ರಣವಿರಬೇಕು.

ಬಿರುಕು ಬಿಟ್ಟ ತಟ್ಟೆ: ಅಂಚಿನಿಂದ ಒಳಕ್ಕೆ ಕೂದಲಿನಷ್ಟು ಸೀಳಿದ್ದು ಎರಡೂ ಬದಿ ಒಂದೇ ಮಟ್ಟದಲ್ಲಿದ್ದರೆ ನುಡಿಸಬಹುದು. 45ರಲ್ಲಿ ನುಡಿಸಿದರೆ ಮುಳ್ಳು ಹಾರುವುದು ಕಡಿಮೆ. ಪರೀಕ್ಷೆಗೆಂದು ಒಮ್ಮೆ, ಮುದ್ರಣಕ್ಕೆಂದು ಇನ್ನೊಮ್ಮೆ ಬೇಡ, ಮೊದಲ ಸಲವೇ ಮುದ್ರಣ ಚಾಲೂ ಇರಲಿ. ಸುತ್ತಿಗೊಂದರಂತೆ ಬೀಳುವ ಟಕ್ ಟಕ್ ಸದ್ದನ್ನು ಆಮೇಲೆ ಒಂದೊಂದಾಗಿ ಕೈಯಿಂದಲೇ ತೆಗೆಯಿರಿ, ಮೂರು ನಿಮಿಷಕ್ಕೆ ಇನ್ನೂರಕ್ಕೂ ಹೆಚ್ಚು ಇರುತ್ತವೆ. ಸೀಳಿನ ಒಂದು ಬದಿ ಮೆಟ್ಟಿಲಿನಂತೆ ಎದ್ದಿದ್ದರೆ ನುಡಿಸಬೇಡಿ. ಮುಳ್ಳು ಮುರಿಯುತ್ತದೆ, ತಟ್ಟೆಯ ಚೂರು ಹಾರುತ್ತದೆ. ಗೀರುಗಳ ಮೇಲೆ ಅಂಟು ಹಾಕಲೂ ಬೇಡಿ. ದಪ್ಪ ರಟ್ಟಿನ ಎರಡು ಹಾಳೆಗಳ ನಡುವೆ ಇಟ್ಟು, ಲೇಬಲ್ ಮತ್ತು ಮ್ಯಾಟ್ರಿಕ್ಸಿನ ಫೋಟೊಗಳನ್ನು ಗೆಳೆಯರಿಗೆ ಕಳಿಸಿ. ಅದೇ ಸಂಖ್ಯೆಯ ಗಟ್ಟಿ ತಟ್ಟೆ ಅವರಲ್ಲೊಬ್ಬರ ಬಳಿ ಇರಬಹುದು.

— ಸಂಪಾದಕ