ಎರಡು ಸುಲಭದ ಆಲ್ಗಾರಿದಮ್ ಸೇರಿಸಿದರೆ ಕಷ್ಟದ ಸಮಸ್ಯೆ ಬಗೆಹರಿಯುತ್ತದಾ?

ದಾರಿ ಹುಡುಕಲು ಒಂದು ಆಲ್ಗಾರಿದಮ್, ಸಾಮಾನು ಆರಿಸಲು ಇನ್ನೊಂದು, ಎರಡನ್ನೂ ಒಂದಾದ ಮೇಲೊಂದು ಓಡಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಎರಡನ್ನೂ ಒಂದೇ ಲೆಕ್ಕಕ್ಕೆ ಕಟ್ಟಿಹಾಕಬೇಕು.

2013ರಲ್ಲಿ ಬೊನ್ಯಾಡಿ, ಮಿಕಲೆವಿಚ್ ಮತ್ತು ಬರೋನೆ ಎಂಬ ಸಂಶೋಧಕರು ಮುಂದಿಟ್ಟ 'ಟ್ರಾವೆಲಿಂಗ್ ಥೀಫ್' ಸಮಸ್ಯೆ ನಿಮ್ಮದಕ್ಕೆ ತುಂಬ ಹತ್ತಿರ. ಕಳ್ಳ ಎಲ್ಲ ಊರಿಗೂ ಒಂದೊಂದು ಸಲ ಹೋಗಿ ಹೊರಟಲ್ಲಿಗೇ ವಾಪಸ್ ಬರಬೇಕು, ದಾರಿಯಲ್ಲಿ ಚೀಲಕ್ಕೆ ಏನು ಹಾಕಿಕೊಳ್ಳಬೇಕು ಅಂತಲೂ ತೀರ್ಮಾನಿಸಬೇಕು. ಚೀಲ ಭಾರವಾದಷ್ಟೂ ವೇಗ ಕಡಿಮೆ, ಮೇಲೆ ಚೀಲಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ.

ಎ, ಬಿ, ಸಿ ಮೂರೇ ಊರು ಇಟ್ಟುಕೊಳ್ಳಿ. ಯಾವ ಎರಡರ ನಡುವೆಯೂ ಖಾಲಿ ಚೀಲಕ್ಕೆ 1 ಗಂಟೆ, ತುಂಬಿದ ಚೀಲಕ್ಕೆ 2 ಗಂಟೆ. ಬಾಡಿಗೆ ಗಂಟೆಗೆ 10. ಬಿಯಲ್ಲಿ 15 ಬೆಲೆಯ ಒಂದು ಸಾಮಾನಿದೆ. ಎ-ಬಿ-ಸಿ-ಎ ಹೋದರೆ ಅದನ್ನು ಎರಡು ಹಾದಿ ಹೊರಬೇಕು, ಬಾಡಿಗೆ 20 ಜಾಸ್ತಿ, ಅಲ್ಲಿಗೆ 5 ನಷ್ಟ. ಎ-ಸಿ-ಬಿ-ಎ ಹೋದರೆ ಹೊರುವುದು ಒಂದೇ ಹಾದಿ, 5 ಲಾಭ! ದಾರಿಯ ಉದ್ದ ಮಾತ್ರ ಎರಡರಲ್ಲೂ ಒಂದೇ.

ಈಗ ಮೊದಲ ದಾರಿಯಿಂದ ಶುರು ಮಾಡಿ, ಎರಡು ಆಲ್ಗಾರಿದಮ್‌ಗೂ ಸರದಿ ಕೊಟ್ಟು ನೋಡಿ. ಸಾಮಾನು ಆರಿಸುವವನು 'ನಷ್ಟ, ಬೇಡ' ಅನ್ನುತ್ತಾನೆ. ದಾರಿ ಹುಡುಕುವವನಿಗೆ ಚೀಲ ಖಾಲಿ, ಯಾವ ಕಡೆ ಸುತ್ತಿದರೂ ಅಷ್ಟೇ, ಹಾಗಾಗಿ ಅವನೂ ಕದಲುವುದಿಲ್ಲ. ಇಬ್ಬರೂ ತಮ್ಮ ಮಟ್ಟಿಗೆ ಸರಿ, ಒಟ್ಟು ಉತ್ತರ ಮಾತ್ರ ತಪ್ಪು. ನನಗೆ ಇಡೀ ವಿಷಯದಲ್ಲಿ ತುಂಬ ಮುಖ್ಯ ಅನ್ನಿಸುವುದು ಇದೇ. ಎಷ್ಟು ಸುತ್ತು ಓಡಿಸಿದರೂ ಇಲ್ಲಿಂದ ಹೊರಗೆ ಬರುವುದಿಲ್ಲ.

ಅದಕ್ಕೇ ದಾರಿಯ ಒಂದು ತುಂಡನ್ನು ತಿರುಗಿಸಿದ ಕೂಡಲೇ ಆ ತುಂಡಿನ ಊರುಗಳ ಸಾಮಾನನ್ನೂ ಹೊಸದಾಗಿ ಆರಿಸಿ, ಆಮೇಲಷ್ಟೇ ಒಟ್ಟು ಲಾಭ ನೋಡಿ ಬದಲಾವಣೆ ಇಟ್ಟುಕೊಳ್ಳಬೇಕಾ ಬಿಡಬೇಕಾ ಅಂತ ನಿರ್ಧರಿಸಿ. ಮೇಲೆ ಸಿಮ್ಯುಲೇಟೆಡ್ ಅನೀಲಿಂಗ್ ಹಾಕಿ, ಅಂದರೆ ಆಗೊಮ್ಮೆ ಈಗೊಮ್ಮೆ ಸ್ವಲ್ಪ ನಷ್ಟದ ಹೆಜ್ಜೆಗೂ ಅವಕಾಶ ಕೊಡಿ.

ಸಮಸ್ಯೆಯ ಭಾಗಗಳ ನಡುವಿನ ನಂಟು ಬರೀ ಹಂಚಿಕೊಳ್ಳುವ ಸಂಪನ್ಮೂಲವಾಗಿದ್ದರೆ ಕೆಲಸ ಇನ್ನೂ ಹಗುರ. ಅದಕ್ಕೊಂದು ಬೆಲೆ ಕಟ್ಟಿ, ಎಲ್ಲರೂ ಜಾಸ್ತಿ ಕೇಳಿದರೆ ಏರಿಸಿ, ಉಳಿದರೆ ಇಳಿಸಿ. ದೊಡ್ಡ ಸಮಸ್ಯೆಯನ್ನು ತುಂಡು ಮಾಡಿ ಬಿಡಿಸುವ 1960ರ ಡಾಂಟ್ಸಿಗ್-ವುಲ್ಫ್ ವಿಧಾನದ ಹಿಂದೆಯೂ ಇಂಥದ್ದೇ ಯೋಚನೆ ಇದೆ.

ಕೋಡ್ ಬರೆಯುವಾಗ ಒಟ್ಟು ಲಾಭದ ಫಂಕ್ಷನ್ ಮೊದಲು ಬರೆಯಿರಿ. ಆಮೇಲೆ 6 ಊರು, 6 ಸಾಮಾನಿನ ಪುಟ್ಟ ಸಮಸ್ಯೆ ಮಾಡಿಕೊಳ್ಳಿ. 120 ದಾರಿ, 64 ಆಯ್ಕೆ, ಒಟ್ಟು 7,680 ಸಾಧ್ಯತೆ. ಎಲ್ಲವನ್ನೂ ಪರೀಕ್ಷಿಸಿ ಸಿಕ್ಕ ಉತ್ತರದ ಪಕ್ಕದಲ್ಲಿ ನಿಮ್ಮ ಜೋಡಿ ಆಲ್ಗಾರಿದಮ್‌ನ ಉತ್ತರ ಇಟ್ಟು ನೋಡಿ.