ಪ್ರಶ್ನೋತ್ತರ: ಮೈಕ್ರೋಬಯಾಲಜಿ ಜರ್ನಲ್‌ಗಳಲ್ಲಿ ಈಗ ಏನು ನಡೀತಿದೆ?

ಪ್ರಶ್ನೆ: ಈ ವರ್ಷ ಪಿಎಚ್‌.ಡಿ.ಗೆ ಸೇರಿದ್ದೇನೆ, ವಿಷಯ ಇನ್ನೂ ಗಟ್ಟಿಯಾಗಿಲ್ಲ. ಯಾವ ಜರ್ನಲ್ ತೆರೆದರೂ ಮೈಕ್ರೋಬಯೋಮ್, ಇಲ್ಲಾಂದ್ರೆ ಆಂಟಿಬಯಾಟಿಕ್ ನಿರೋಧಕತೆ. ನಾನೂ ಅದನ್ನೇ ಹಿಡಿದರೆ ಪೇಪರ್ ಬೇಗ ಆಗುತ್ತಾ ಸರ್? (ಧಾರವಾಡ)

ನೀವು ಗಮನಿಸಿರೋದು ಸರಿ. ಈ ಎರಡು ವಿಷಯಗಳೇ ಜಾಸ್ತಿ. ಆದರೆ ಅದಕ್ಕೇ ಅಲ್ಲಿ ಪೇಪರ್ ಬೇಗ ಆಗುತ್ತೆ ಅಂದುಕೊಳ್ಳಬೇಡಿ.

ಮೊದಲು ಮೈಕ್ರೋಬಯೋಮ್ ನೋಡೋಣ, ಅಂದರೆ ಒಂದು ಜಾಗದಲ್ಲಿ ಒಟ್ಟಿಗೆ ಬದುಕೋ ಸೂಕ್ಷ್ಮಜೀವಿಗಳ ಇಡೀ ಸಮುದಾಯ. ಇದು ಇಷ್ಟು ಬೆಳೆಯಲು ಮುಖ್ಯ ಕಾರಣ ಸೀಕ್ವೆನ್ಸಿಂಗ್ (ಡಿಎನ್‌ಎಯ ಅಕ್ಷರಗಳನ್ನು ಓದೋದು) ಅಗ್ಗವಾಗಿದ್ದು. ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ಬ್ಯಾಕ್ಟೀರಿಯಾಗಳಲ್ಲದ ಆರ್ಕಿಯಾ ಎಂಬ ಬೇರೆಯೇ ಸೂಕ್ಷ್ಮಜೀವಿಗಳ ಗುಂಪು ಇದೆ ಅಂತ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ತೋರಿಸಿದಾಗ ಅದು ವರ್ಷಗಟ್ಟಲೆ ಕೂತು ಮಾಡೋ ಕೆಲಸ. ಈಗ ಮಣ್ಣು, ಮಲ, ಹಾಲು, ಯಾವುದರಿಂದಲಾದರೂ ಡಿಎನ್‌ಎ ತೆಗೆದು ಟ್ಯೂಬ್ ಕಳಿಸಿದರೆ ಸಾಕು, ಅದೇ ರೈಬೋಸೋಮಿನ ಆರ್‌ಎನ್‌ಎಯ 16ಎಸ್ ಜೀನ್ ಓದಿ ಯಾವ್ಯಾವ ಬ್ಯಾಕ್ಟೀರಿಯಾ ಇವೆ ಅಂತ ಪಟ್ಟಿ ಕೊಡುತ್ತಾರೆ. ಪಟ್ಟಿ ಬಂತು, ಬಣ್ಣಬಣ್ಣದ ಗ್ರಾಫ್ ಬಂತು, ಪೇಪರ್ ಆಯ್ತು. ಕೆಲವು ವರ್ಷ ಹೀಗೇ ನಡೆಯಿತು.

ಈಗ ನಡೆಯಲ್ಲ. ಯಾಕೆ ಅಂತ ತಿಳಿಯಲು ಗರ್ಭಕೋಶದ ಮಾಸಿನ (ಪ್ಲಾಸೆಂಟಾ) ಕಥೆ ನೋಡಿ. ಆರೋಗ್ಯವಂತ ತಾಯಂದಿರ ಮಾಸಿನಲ್ಲೂ ಬ್ಯಾಕ್ಟೀರಿಯಾಗಳ ಒಂದು ಸಮುದಾಯ ಇದೆ ಅಂತ 2014ರಲ್ಲಿ ಒಂದು ಪೇಪರ್ ಬಂತು, ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಇಂಗ್ಲೆಂಡಿನ ಇನ್ನೊಂದು ತಂಡ ಬಹಳ ಸರಳವಾದ ಪ್ರಯೋಗ ಮಾಡಿತು. ಸಾಲ್ಮೊನೆಲ್ಲಾ ಬೊಂಗೋರಿ ಎಂಬ ಬ್ಯಾಕ್ಟೀರಿಯಾ ಒಂದನ್ನೇ ಬೆಳೆಸಿ, ಪ್ರತಿ ಸಲ ಹತ್ತು ಪಟ್ಟು ತೆಳುವಾಗಿಸುತ್ತಾ ಹೋಗಿ, ಪ್ರತಿ ಹಂತವನ್ನೂ ಸೀಕ್ವೆನ್ಸ್ ಮಾಡಿಸಿದರು. ಎಲ್ಲ ಟ್ಯೂಬಿನಲ್ಲೂ ಸಾಲ್ಮೊನೆಲ್ಲಾ ಮಾತ್ರ ಸಿಗಬೇಕು, ಅಲ್ವಾ? ತೆಳುವಾದಷ್ಟೂ ಸಾಲ್ಮೊನೆಲ್ಲಾ ಕಡಿಮೆಯಾಗಿ, ಹಾಕದೇ ಇದ್ದ ಬ್ಯಾಕ್ಟೀರಿಯಾಗಳು ಮೇಲೆ ಬಂದವು. ಅವೆಲ್ಲ ಬಂದಿದ್ದು ಡಿಎನ್‌ಎ ತೆಗೆಯೋ ಕಿಟ್‌ನಿಂದ, ರೀಏಜೆಂಟ್‌ಗಳಿಂದ. 2019ರಲ್ಲಿ ಕೇಂಬ್ರಿಡ್ಜ್‌ನ ತಂಡ 500ಕ್ಕೂ ಹೆಚ್ಚು ಹೆರಿಗೆಗಳ ಮಾಸನ್ನು ಪರೀಕ್ಷಿಸಿ, ಆರೋಗ್ಯವಂತ ಮಾಸಿಗೆ ತನ್ನದೇ ಆದ ಮೈಕ್ರೋಬಯೋಮ್ ಇರುವುದಕ್ಕೆ ಪುರಾವೆ ಇಲ್ಲ ಎಂದಿತು. ಹಿಂದೆ ಕಂಡದ್ದರಲ್ಲಿ ಬಹುಪಾಲು ಹೆರಿಗೆ ಸಮಯದಲ್ಲಿ ಮೆತ್ತಿಕೊಂಡಿದ್ದು ಅಥವಾ ಕಿಟ್‌ನಿಂದ ಬಂದದ್ದು.

ಅದಕ್ಕೇ ಈಗ ರಿವ್ಯೂ ಮಾಡುವವರು ಮೊದಲು ಕೇಳೋದು: ಬ್ಲ್ಯಾಂಕ್ ಎಲ್ಲಿ? ಸ್ಯಾಂಪಲ್ ಹಾಕದ ಖಾಲಿ ಟ್ಯೂಬನ್ನೂ ಕಿಟ್‌ನ ಎಲ್ಲ ಹಂತ ದಾಟಿಸಿ, ಅದನ್ನೂ ಸೀಕ್ವೆನ್ಸ್ ಮಾಡಿಸಿದ್ದೀರಾ? ನೀವು ಈ ವಿಷಯ ಹಿಡಿದರೆ ಮೊದಲ ದಿನದಿಂದಲೇ ಅದಕ್ಕೆ ದುಡ್ಡು ತೆಗೆದಿಡಿ. ಕೊನೆಗೆ ಸೇರಿಸೋಕಾಗಲ್ಲ.

ಇನ್ನು ನಿರೋಧಕತೆ. ನಮ್ಮ ದೇಶದಲ್ಲಿ ಇದು ಫ್ಯಾಷನ್ ಅಲ್ಲ, ವಾರ್ಡಿನಲ್ಲಿ ಜೀವ ತೆಗೀತಿರೋ ಸಮಸ್ಯೆ. ಅನೇಕ ಆಂಟಿಬಯಾಟಿಕ್‌ಗಳನ್ನು ಕೆಲಸಕ್ಕೆ ಬಾರದಂತೆ ಮಾಡುವ, ದೆಹಲಿಯ ಹೆಸರಿಟ್ಟ ಎನ್‌ಡಿಎಂ-1 ಕಿಣ್ವದ ವರದಿ 2009ರಲ್ಲಿ ಬಂದು ದೊಡ್ಡ ಗಲಾಟೆಯೇ ಆಯಿತು. ಆದರೆ "ನಮ್ಮ ಆಸ್ಪತ್ರೆಯಲ್ಲಿ ಒಂದು ವರ್ಷ ಸಿಕ್ಕ ಬ್ಯಾಕ್ಟೀರಿಯಾ, ಅವುಗಳ ಆಂಟಿಬಯೋಗ್ರಾಮ್" (ಯಾವುದು ಯಾವ ಔಷಧಕ್ಕೆ ಬಗ್ಗುತ್ತೆ ಅನ್ನೋ ಪಟ್ಟಿ) ಅನ್ನೋ ಥರದ ಪೇಪರ್‌ಗಳು ರಾಶಿ ಬಿದ್ದಿವೆ. ಆ ಆಸ್ಪತ್ರೆಯ ಡಾಕ್ಟರಿಗೆ ಅದು ಬೇಕೇ ಬೇಕು. ಹೊರಗಿನ ಸಂಪಾದಕರು ಮಾತ್ರ ಇದರಲ್ಲಿ ಹೊಸದೇನು ಅಂತ ಕೇಳುತ್ತಾರೆ. ವಿಧಾನವನ್ನೂ ನೋಡುತ್ತಾರೆ. ಉದಾಹರಣೆಗೆ, ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್‌ನ ಅಣು ದೊಡ್ಡದು, ಬ್ಯಾಕ್ಟೀರಿಯಾ ಬೆಳೆಸೋ ಅಗರ್‌ನಲ್ಲಿ ಸರಿಯಾಗಿ ಹರಡಲ್ಲ. ಹಾಗಾಗಿ ಔಷಧದ ಡಿಸ್ಕ್ ಇಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಅಳೆದರೆ ಬರುವ ಫಲಿತಾಂಶ ನಂಬೋಕಾಗಲ್ಲ. ಬ್ರಾತ್ ಮೈಕ್ರೋಡೈಲ್ಯೂಷನ್ (ದ್ರವದಲ್ಲಿ ಔಷಧವನ್ನು ಹಂತಹಂತವಾಗಿ ತೆಳುವಾಗಿಸಿ ನೋಡೋದು) ಮಾಡಬೇಕು ಅಂತ 2016ರಲ್ಲೇ ಶಿಫಾರಸು ಬಂದಿದೆ. ಇಷ್ಟಾದರೂ ಡಿಸ್ಕ್ ಇಟ್ಟೇ "ಇಷ್ಟು ಶೇಕಡ ನಿರೋಧಕತೆ" ಅಂತ ಬರೆದು ಕಳಿಸುವವರಿದ್ದಾರೆ. ಅಂಥದ್ದು ವಿಮರ್ಶೆಗೂ ಹೋಗದೆ ಸಂಪಾದಕರ ಮೇಜಿನಿಂದಲೇ ವಾಪಸ್ ಬಂದರೆ ಆಶ್ಚರ್ಯವಿಲ್ಲ.

ನಾನು ಹೇಳೋದಿಷ್ಟು: ವಿಷಯ ಆರಿಸಬೇಡಿ, ಪ್ರಶ್ನೆ ಆರಿಸಿ. ನಿಮ್ಮ ಸುತ್ತ ಡೇರಿಗಳಿವೆ. ಹಸುವಿಗೆ ಕೆಚ್ಚಲು ಬಾವು ಬಂದಾಗ ಕೊಡುವ ಔಷಧ ಬದಲಾಯಿಸಿದರೆ, ಆ ಹಾಲಿನಲ್ಲಿರೋ ಸ್ಟ್ಯಾಫಿಲೋಕಾಕಸ್‌ನ ನಿರೋಧಕತೆ ತಿಂಗಳುಗಳಲ್ಲಿ ಇಳಿಯುತ್ತಾ, ಹಾಗೇ ಉಳಿಯುತ್ತಾ? ಹೌದು ಅಥವಾ ಇಲ್ಲ ಅಂತ ಉತ್ತರ ಬರೋ ಇಂಥ ಪ್ರಶ್ನೆ ಇದ್ದರೆ ಉತ್ತರ ಯಾವ ಕಡೆ ಬಂದರೂ ಅದು ಪೇಪರ್ ಆಗುತ್ತೆ.

ಪ್ರಶ್ನೆ: "ಯುಜಿಸಿ ಅನುಮೋದಿತ ಜರ್ನಲ್, ಮೂರು ದಿನದಲ್ಲಿ ಪ್ರಕಟಣೆ, ಶುಲ್ಕ ಕಡಿಮೆ" ಅಂತ ದಿನಾ ಮೇಲ್ ಬರುತ್ತೆ. ಬಡ್ತಿಗೆ ಪೇಪರ್ ಬೇಕು. ಕಳಿಸಬಹುದಾ? (ಕಾಲೇಜು ಅಧ್ಯಾಪಕಿ, ಶಿವಮೊಗ್ಗ)

ಬೇಡ ಮೇಡಂ. ಮೂರು ದಿನದಲ್ಲಿ ಯಾರೂ ನಿಮ್ಮ ಪೇಪರ್ ಓದಿ ವಿಮರ್ಶೆ ಮಾಡೋಕಾಗಲ್ಲ. "ಯುಜಿಸಿ ಅನುಮೋದಿತ" ಅನ್ನೋ ಮಾತಿಗೂ ಈಗ ಅರ್ಥ ಇಲ್ಲ. ಯುಜಿಸಿ ತನ್ನ ಪಟ್ಟಿಯಿಂದ 2018ರಲ್ಲಿ 4,305 ಜರ್ನಲ್‌ಗಳನ್ನು ತೆಗೆದುಹಾಕಿತು. 2019ರಲ್ಲಿ ಅದರ ಬದಲು ಕೇರ್ ಎಂಬ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿದರು. ಜರ್ನಲ್ ಒಳ್ಳೆಯದಾ ಅಂತ ತೂಗಿ ನೋಡೋ ಹೊಣೆ ಈಗ ವಿಶ್ವವಿದ್ಯಾಲಯಗಳ ಮೇಲಿದೆ.

ನೀವೇ ಪರೀಕ್ಷಿಸಬಹುದು. ಸಂಪಾದಕ ಮಂಡಳಿಯಲ್ಲಿರೋ ಇಬ್ಬರ ಹೆಸರು ಹಿಡಿದು ಅವರ ವಿಶ್ವವಿದ್ಯಾಲಯದ ಪುಟ ನೋಡಿ, ಅವರೇ ಅಲ್ಲಿ ಈ ಜರ್ನಲ್ ಹೆಸರು ಹಾಕಿದ್ದಾರಾ? ಕಳೆದ ಸಂಚಿಕೆಯ ಎರಡು ಪೇಪರ್ ಪೂರ್ತಿ ಓದಿ. ಒಂದೇ ಸಂಚಿಕೆಯಲ್ಲಿ ಸೂಕ್ಷ್ಮಜೀವಿ, ಸಿವಿಲ್ ಎಂಜಿನಿಯರಿಂಗ್, ಕಾಮರ್ಸ್ ಎಲ್ಲ ಇದ್ದರೆ ಅಲ್ಲೇ ಬಿಟ್ಟುಬಿಡಿ.

ಇನ್ನೊಂದು ಮಾತು. ದುಡ್ಡು ಕೇಳೋ ಜರ್ನಲ್ ಎಲ್ಲಾ ಮೋಸವಲ್ಲ, ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಒಳ್ಳೆಯ ಮುಕ್ತ ಜರ್ನಲ್‌ಗಳೂ ಲೇಖಕರಿಂದ ಶುಲ್ಕ ತಗೋತವೆ. ಹಾಗಂತ ಕೈಯಿಂದ ಕೊಡಲೇಬೇಕು ಅಂತಲೂ ಇಲ್ಲ. ಚಂದಾ ಪದ್ಧತಿಯ ಬಹಳಷ್ಟು ಜರ್ನಲ್‌ಗಳಲ್ಲಿ ಲೇಖಕರಿಗೆ ಖರ್ಚಿಲ್ಲ. ಅಮೆರಿಕನ್ ಸೊಸೈಟಿ ಫಾರ್ ಮೈಕ್ರೋಬಯಾಲಜಿ 2025ರಿಂದ ತನ್ನ 6 ಚಂದಾ ಜರ್ನಲ್‌ಗಳಿಗೆ "ಸಬ್‌ಸ್ಕ್ರೈಬ್ ಟು ಓಪನ್" ಪದ್ಧತಿ ತಂದಿದೆ. ಗ್ರಂಥಾಲಯಗಳ ಚಂದಾ ಹಣ ಸಾಕಷ್ಟು ಬಂದರೆ ಆ ವರ್ಷದ ಪೇಪರ್‌ಗಳೆಲ್ಲ ಎಲ್ಲರಿಗೂ ತೆರೆದಿರುತ್ತವೆ, ಲೇಖಕರು ಕೊಡಬೇಕಾಗಿಲ್ಲ. ಜರ್ನಲ್‌ಗಳ ಲೋಕದಲ್ಲಿ ಇತ್ತೀಚೆಗೆ ನನಗೆ ತುಂಬಾ ಖುಷಿ ಕೊಟ್ಟ ಬದಲಾವಣೆ ಇದು.

ಪ್ರಶ್ನೆ: ಸ್ಯಾಂಪಲ್‌ನ ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸೋ ಜೆಲ್‌ನ ಫೋಟೋದಲ್ಲಿ ಒಂದು ಲೇನ್ (ಒಂದು ಸ್ಯಾಂಪಲ್‌ನ ಸಾಲು) ಮಸುಕಾಗಿದೆ. ಬೇರೆ ಜೆಲ್‌ನಿಂದ ಅದೇ ಸ್ಯಾಂಪಲ್‌ನ ಲೇನ್ ತೆಗೆದು ಅಂಟಿಸು ಅಂತ ಸೀನಿಯರ್ ಹೇಳ್ತಾರೆ. (ಎಂ.ಎಸ್ಸಿ., ಮೈಸೂರು)

ದಯವಿಟ್ಟು ಮಾಡಬೇಡಿ. ಜೆಲ್ ಇನ್ನೊಮ್ಮೆ ಓಡಿಸಿ. ಎಲಿಜಬೆತ್ ಬಿಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಇಬ್ಬರು ಸಹೋದ್ಯೋಗಿಗಳ ಜೊತೆ 40 ಜರ್ನಲ್‌ಗಳ 20,621 ಪೇಪರ್‌ಗಳ ಚಿತ್ರಗಳನ್ನು ಕಣ್ಣಲ್ಲೇ ನೋಡಿ, 2016ರಲ್ಲಿ ಎಂಬಯೋ ಜರ್ನಲ್‌ನಲ್ಲಿ ಬರೆದರು: ಶೇ 3.8ರಷ್ಟು ಪೇಪರ್‌ಗಳಲ್ಲಿ ಒಂದೇ ಚಿತ್ರ ಎರಡು ಕಡೆ ಬಂದಿತ್ತು ಅಥವಾ ತಿದ್ದಿದಂತೆ ಕಂಡಿತ್ತು. ಈಗ ಎಷ್ಟೋ ಜರ್ನಲ್‌ಗಳು ಸಾಫ್ಟ್‌ವೇರ್‌ನಿಂದಲೂ ಪರೀಕ್ಷಿಸುತ್ತವೆ, ಕತ್ತರಿಸದ ಮೂಲ ಜೆಲ್ ಫೋಟೋ ಕಳಿಸಿ ಅಂತಾರೆ. ಮಸುಕಾದ ಲೇನ್ ಇದ್ದರೆ ಯಾರೂ ಬೈಯಲ್ಲ. ಅಂಟಿಸಿದ ಲೇನ್ ಹತ್ತು ವರ್ಷ ಬಿಟ್ಟು ಸಿಕ್ಕಿದರೂ ಪೇಪರ್ ಹಿಂತೆಗೆಯುತ್ತಾರೆ. ಕೆಡೋ ಹೆಸರು ನಿಮ್ಮದು, ಸೀನಿಯರ್‌ದಲ್ಲ.

ಪ್ರಶ್ನೆ: ಪಶ್ಚಿಮ ಘಟ್ಟದ ಮಣ್ಣಿನಲ್ಲಿ ನನಗೆ ಹೊಸ ಬ್ಯಾಕ್ಟೀರಿಯಾ ಸಿಕ್ಕಿದೆ ಅನ್ಸುತ್ತೆ. ಹೆಸರಿಟ್ಟು ಪ್ರಕಟಿಸೋದು ಹೇಗೆ? (ಶಿರಸಿ)

ಒಳ್ಳೆಯ ಸುದ್ದಿ! ಆದರೆ 16ಎಸ್ ಒಂದನ್ನೇ ನಂಬಬೇಡಿ, ಪೂರ್ತಿ ಜೀನೋಮ್ ಓದಿಸಿ ಹತ್ತಿರದ ಪ್ರಭೇದಗಳ ಜೊತೆ ಹೋಲಿಸಿ. ಹೆಸರಿಗೆ ಮಾನ್ಯತೆ ಸಿಗಬೇಕಾದರೆ ಜೀವಂತ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ನಮ್ಮಲ್ಲಿ ಪುಣೆ, ಚಂಡೀಗಢದಲ್ಲಿ ಇವೆ. ಹೊರದೇಶಕ್ಕೆ ಕಳಿಸೋ ಮೊದಲು ಜೀವವೈವಿಧ್ಯ ಕಾಯ್ದೆಯ ನಿಯಮ ನೋಡಿಕೊಳ್ಳಿ. ಲ್ಯಾಬಿನಲ್ಲಿ ಬೆಳೆಯದ ಜೀವಿಗಳಿಗೆ ಜೀನೋಮ್ ಆಧಾರದ ಮೇಲೇ ಹೆಸರಿಡುವ ಸೀಕ್‌ಕೋಡ್ ಎಂಬ ಪದ್ಧತಿ 2022ರಲ್ಲಿ ಬಂದಿದೆ. ನಿಮ್ಮದು ಪ್ಲೇಟ್ ಮೇಲೆ ಬೆಳೀತಿದೆ ಅಂದರೆ ಹಳೆಯ ದಾರಿಯೇ ಸರಿ.

ಪ್ರಶ್ನೆ: ಇಂಪ್ಯಾಕ್ಟ್ ಫ್ಯಾಕ್ಟರ್ 5 ಇರೋ ಜರ್ನಲ್ 2 ಇರೋದಕ್ಕಿಂತ ಒಳ್ಳೇದಲ್ವಾ? (ಕಲಬುರಗಿ)

ಹಾಗೇನಿಲ್ಲ. ಹಿಂದಿನ ಎರಡು ವರ್ಷದ ಪೇಪರ್‌ಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನೋದಷ್ಟೇ ಅದು. ನಾಲ್ಕು ಪೇಪರ್ ಜೋರಾಗಿ ಓಡಿದರೆ ಸರಾಸರಿ ಏರುತ್ತೆ. ನಿಮ್ಮ ಪೇಪರ್ ಬಗ್ಗೆ ಅದು ಏನೂ ಹೇಳಲ್ಲ.

ಪ್ರಶ್ನೆ: ನಮ್ಮ ಸರ್ಕಾರಿ ಕಾಲೇಜಿನಲ್ಲಿ ಜರ್ನಲ್‌ಗೆ ಚಂದಾ ಇಲ್ಲ. ಓದೋದು ಹೇಗೆ? (ಚಿತ್ರದುರ್ಗ)

ಈಗ ಇರಬಹುದು, ವಿಚಾರಿಸಿ ನೋಡಿ. ಕೇಂದ್ರ ಸರ್ಕಾರದ "ಒಂದು ದೇಶ ಒಂದು ಚಂದಾ" ಯೋಜನೆ 2025ರ ಜನವರಿಯಿಂದ ನಡೀತಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ರಾಜ್ಯ ಸರ್ಕಾರದ ಉನ್ನತ ಶಿಕ್ಷಣ ಸಂಸ್ಥೆಗಳೂ ಇದರಲ್ಲಿ ಬರುತ್ತವೆ. ಎಷ್ಟೋ ಕಡೆ ವಿದ್ಯಾರ್ಥಿಗಳಿಗೆ ಇದು ಗೊತ್ತೇ ಇಲ್ಲ, ಅದು ನನಗೆ ಬೇಜಾರಿನ ಸಂಗತಿ. ನಾಳೆಯೇ ಗ್ರಂಥಪಾಲಕರ ಹತ್ತಿರ ಹೋಗಿ ಕಾಲೇಜು ನೋಂದಣಿ ಆಗಿದೆಯಾ ಕೇಳಿ. ಆಗಿಲ್ಲ ಅಂದರೆ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆದು, ಸಹಪಾಠಿಗಳ ಸಹಿಯನ್ನೂ ಹಾಕಿಸಿ ಕೊಡಿ.