ಮೂರನೇ ತಿಂಗಳಿಗೆ ಕ್ಲೈಂಟ್ ಯಾಕೆ ಬಿಟ್ಟು ಹೋಗುತ್ತಾರೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಜಿಮ್ ಟ್ರೇನರ್‌ಗಳದ್ದು, ಇಲ್ಲವೇ ಟ್ರೇನರ್ ಆಗಬೇಕು ಅಂತ ಹೊರಟವರದ್ದು. ಹಾಸನದಲ್ಲಿ ಹದಿನಾಲ್ಕು ವರ್ಷದಿಂದ ನಾನು ಮಾಡುತ್ತಿರುವುದೂ ಇದೇ ಕೆಲಸ. ಹಾಗಾಗಿ ಮೊದಲನೇ ಪತ್ರಕ್ಕೆ ಸ್ವಲ್ಪ ಉದ್ದಕ್ಕೇ ಉತ್ತರ ಬರೆದಿದ್ದೇನೆ.

ನನಗೆ 24 ವರ್ಷ. ಬಿ.ಎಂ. ರಸ್ತೆಯ ಒಂದು ಜಿಮ್‌ನಲ್ಲಿ ಒಂದೂವರೆ ವರ್ಷದಿಂದ ಟ್ರೇನರ್. ಪರ್ಸನಲ್ ಟ್ರೇನಿಂಗ್‌ಗೆ ಜನ ಸೇರುತ್ತಾರೆ, ಎರಡು ತಿಂಗಳು ಚೆನ್ನಾಗಿ ಬರುತ್ತಾರೆ, ಮೂರನೇ ತಿಂಗಳ ಫೀಸ್ ಹೊತ್ತಿಗೆ ಫೋನ್ ಎತ್ತುವುದಿಲ್ಲ. ನನ್ನ ಬಾಡಿ ಚೆನ್ನಾಗಿದೆ, ಸರ್ಟಿಫಿಕೇಟ್ ಇದೆ. ಎಲ್ಲಿ ತಪ್ಪುತ್ತಿದ್ದೇನೆ?
*ಓದುಗ, ಹಾಸನ*

ಮೊದಲು ಒಂದು ಲೆಕ್ಕ ಹಾಕೋಣ. ನಿಮ್ಮ ಹತ್ತಿರ ಎಂಟು ಜನಕ್ಕೆ ಜಾಗ ಇದೆ ಅಂದುಕೊಳ್ಳಿ. ಒಬ್ಬೊಬ್ಬರೂ ಎರಡೇ ತಿಂಗಳು ಇದ್ದು ಹೋದರೆ, ಆ ಎಂಟು ಜಾಗ ತುಂಬಿಸೋಕೆ ವರ್ಷಕ್ಕೆ 48 ಜನ ಬೇಕು. ಬೆಂಗಳೂರಿನಲ್ಲಾದರೆ ಹೇಗೋ ಸಿಗಬಹುದು. ನಮ್ಮ ಹಾಸನದಲ್ಲಿ ಪರ್ಸನಲ್ ಟ್ರೇನಿಂಗ್‌ಗೆ ದುಡ್ಡು ಕೊಡುವ 48 ಹೊಸಬರನ್ನು ಪ್ರತಿ ವರ್ಷ ಎಲ್ಲಿಂದ ತರುತ್ತೀರಿ? ಅದೇ ಎಂಟು ಜನ ವರ್ಷಪೂರ್ತಿ ಉಳಿದರೆ ಹೊಸಬರನ್ನು ಹುಡುಕುವ ಕೆಲಸವೇ ಇಲ್ಲ. ಈ ಕೆಲಸದಲ್ಲಿ ಹೊಟ್ಟೆ ತುಂಬುವುದು ಉಳಿದವರಿಂದ, ಸೇರಿದವರಿಂದ ಅಲ್ಲ.

ಇನ್ನು, ಮೂರನೇ ತಿಂಗಳೇ ಯಾಕೆ? ಇದಕ್ಕೆ ದೇಹದಲ್ಲೇ ಕಾರಣ ಇದೆ. ಊಟ ಬದಲಿಸಿದ ಮೊದಲ ಎರಡು ಮೂರು ವಾರ ತೂಕ ಸರಸರ ಇಳಿಯುತ್ತದೆ, ಅದರಲ್ಲಿ ದೊಡ್ಡ ಪಾಲು ನೀರು. ಮೊದಲ ತಿಂಗಳಲ್ಲಿ ಶಕ್ತಿ ಜಾಸ್ತಿಯಾಗುತ್ತದೆ, ಆದರೆ ಅದು ಬಹುಪಾಲು ನರಗಳು ಆ ಚಲನೆ ಕಲಿತಿದ್ದರಿಂದ. ಸ್ನಾಯು ಕಣ್ಣಿಗೆ ಕಾಣುವಷ್ಟು ಬೆಳೆಯೋಕೆ ಎರಡು ಮೂರು ತಿಂಗಳಾದರೂ ಬೇಕು. ಅಂದರೆ ಸರಿಯಾಗಿ ಎರಡನೇ ತಿಂಗಳ ಕೊನೆಗೆ ತೂಕದ ಮುಳ್ಳು ನಿಂತಿರುತ್ತದೆ, ಕನ್ನಡಿಯಲ್ಲೂ ಏನೂ ಕಾಣುತ್ತಿರುವುದಿಲ್ಲ, ಮೈಕೈ ನೋವು ಮಾತ್ರ ಇರುತ್ತದೆ, ಮನೆಯಲ್ಲಿ ಯಾರೋ ಒಬ್ಬರು 'ಇಷ್ಟು ದುಡ್ಡು ಕೊಟ್ಟು ಏನಾಯಿತು' ಅಂತ ಕೇಳಿರುತ್ತಾರೆ. ಆಗ ಅವರ ಕೈಗೆ ಕೊಡಲು ನಿಮ್ಮ ಹತ್ತಿರ ಏನಿದೆ? 'ಮುಂದಿನ ತಿಂಗಳು ಕಾಣುತ್ತೆ ಸಾರ್' ಅಂದರೆ ಯಾರೂ ನಂಬುವುದಿಲ್ಲ.

ಅದಕ್ಕೇ ಪುಸ್ತಕ ಇಡಿ ಅಂತ ನಾನು ಎಲ್ಲ ಹೊಸ ಟ್ರೇನರ್‌ಗಳ ತಲೆ ತಿನ್ನುತ್ತೇನೆ. ಒಬ್ಬ ಕ್ಲೈಂಟ್‌ಗೆ ಒಂದು ನೋಟ್‌ಬುಕ್, ನೂರು ಪುಟದ್ದು ಸಾಕು. ಮೊದಲ ದಿನವೇ ಸೊಂಟದ ಸುತ್ತಳತೆ, ಬೆಳಿಗ್ಗೆ ಎದ್ದ ತಕ್ಷಣದ ನಾಡಿ, ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂತರು ಅನ್ನುವುದು, ಎಷ್ಟು ದಂಡ, ಎಷ್ಟು ಬಸ್ಕಿ ಹೊಡೆದರು, ಎಲ್ಲಿ ನೋವಿದೆ, ಯಾವ ಮಾತ್ರೆ ತಗೊಳ್ಳುತ್ತಾರೆ, ಎಷ್ಟು ಗಂಟೆ ಮಲಗುತ್ತಾರೆ, ಎಲ್ಲ ಬರೆಯಿರಿ. ಆಮೇಲೆ ಪ್ರತಿ ಸೆಷನ್ ಮುಗಿದ ಮೇಲೆ ಎರಡು ಸಾಲು. ಎಂಟನೇ ವಾರ ತೂಕ ನಿಂತಿದೆ ಅಂತ ಅವರು ಮುಖ ಸಪ್ಪೆ ಮಾಡಿದಾಗ ಮೊದಲ ಪುಟ ತೆಗೆದು ತೋರಿಸಿ. ಎದ್ದು ಕೂತಿದ್ದು 11 ಸಲ, ಈಗ 17. ಬರಿಗೈಯಲ್ಲಿ ಬಸ್ಕಿ ಹೊಡೆಯಲು ಒದ್ದಾಡಿದವರು ಈಗ 16 ಕೆಜಿ ಡಂಬೆಲ್ ಹಿಡಿದು ಹೊಡೆಯುತ್ತಿದ್ದಾರೆ. ಅದು ಅವರದೇ ಲೆಕ್ಕ, ಯಾರೂ ಅಲ್ಲಗಳೆಯೋಕೆ ಆಗುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ಒಬ್ಬರನ್ನು ಕಳೆದುಕೊಂಡ ಮೇಲೆ. ಶುರುವಿನ ದಿನಗಳು, ಬ್ಯಾಂಕ್ ಕೆಲಸದಲ್ಲಿದ್ದ ಒಬ್ಬರು ಬಂದರು, ಎಡ ಮಂಡಿ ಹಳೇ ಏಟು ಅಂತ ಮೊದಲ ದಿನವೇ ಹೇಳಿದರು. ನಾನು ಹೂಂ ಅಂದೆ, ಬರೆದುಕೊಳ್ಳಲಿಲ್ಲ. ಮೂರು ವಾರ ಆದ ಮೇಲೆ ಬೇರೆಯವರಿಗೆ ಕೊಟ್ಟಿದ್ದ ಶೆಡ್ಯೂಲನ್ನೇ ಅವರಿಗೂ ಕೊಟ್ಟು ಜಂಪ್ ಸ್ಕ್ವಾಟ್, ಅಂದರೆ ಬಸ್ಕಿಯಿಂದ ಮೇಲಕ್ಕೆ ಹಾರುವುದು, ಮಾಡಿಸಿದೆ. ಅವರು ಜಗಳ ಆಡಲಿಲ್ಲ, ಸುಮ್ನೆ ಬರುವುದು ನಿಲ್ಲಿಸಿದರು. ಎಷ್ಟೋ ತಿಂಗಳಾದ ಮೇಲೆ ಮಹಾರಾಜ ಪಾರ್ಕ್‌ನಲ್ಲಿ ವಾಕಿಂಗ್ ಮಾಡುತ್ತಾ ಸಿಕ್ಕಾಗ ಒಂದೇ ಮಾತು ಹೇಳಿದರು: 'ನಿಮಗೆ ಹೇಳಿದ್ದೆ ಅಲ್ವಾ?' ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಆರು ನೋಟ್‌ಬುಕ್ ತಂದೆ.

ಇನ್ನೊಂದು ವಿಷಯ. 'ಏನು ಗುರಿ' ಅಂತ ಕೇಳಿದರೆ ಎಲ್ಲರೂ 'ತೂಕ ಇಳಿಸಬೇಕು' ಅನ್ನುತ್ತಾರೆ. ಅಲ್ಲಿಗೆ ಬಿಡಬೇಡಿ, ಇಳಿಸಿ ಏನು ಮಾಡಬೇಕು ಅಂತ ಕೇಳಿ. ನಿವೃತ್ತ ಟೀಚರ್ ಒಬ್ಬರು ನನ್ನ ಹತ್ತಿರ ಬಂದಾಗ ಅವರೂ ತೂಕ ಅಂತಲೇ ಶುರು ಮಾಡಿದ್ದು. ಕೆದಕಿದರೆ ಹೊರಬಿದ್ದಿದ್ದು ಬೇರೆ: ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಮೊಮ್ಮಗಳ ಜೊತೆ ಹತ್ತಬೇಕು, ಡೋಲಿಯಲ್ಲಿ ಕೂರುವುದು ಬೇಡ. ಬಂಡೆಯಲ್ಲೇ ಕಡಿದ 600ಕ್ಕೂ ಜಾಸ್ತಿ ಮೆಟ್ಟಿಲು, ಅದೂ ಬರಿಗಾಲಲ್ಲಿ. ಈಗ ನನ್ನ ಕೆಲಸ ಸ್ಪಷ್ಟವಾಯಿತು. ಹತ್ತೋಕೆ ಸ್ಟೆಪ್ ಅಪ್, ಮೀನಖಂಡಕ್ಕೆ ಹಿಮ್ಮಡಿ ಎತ್ತುವುದು, ದಮ್ಮಿಗೆ ನಡಿಗೆ. ಆದರೆ ಬೆಟ್ಟ ಹತ್ತಿದವರಿಗೆ ಗೊತ್ತು, ತೊಡೆ ನಡುಗುವುದು ಇಳಿಯುವಾಗ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಮಂಡಿಯ ಮೇಲೂ ಒತ್ತಡ ಜಾಸ್ತಿ. ಅದಕ್ಕೆ ನಾಲ್ಕು ಇಂಚಿನ ಹಲಗೆಯಿಂದ ನಾಲ್ಕು ಎಣಿಸುತ್ತಾ ನಿಧಾನಕ್ಕೆ ಕಾಲು ಇಳಿಸುವುದನ್ನು ವಾರಕ್ಕೆ ಎರಡು ಸಲ ಮಾಡಿಸಿದೆ, ಆಮೇಲೆ ಆರು ಇಂಚು, ಆಮೇಲೆ ಎಂಟು. ಐದು ತಿಂಗಳು. ತೂಕ ಇಳಿದಿದ್ದು ಮೂರೇ ಕೆಜಿ, ಅದರ ಮಾತೇ ಅವರು ಎತ್ತಲಿಲ್ಲ. ಗೊಮ್ಮಟನ ಪಾದದ ಹತ್ತಿರ ನಿಂತು ಫೋನ್ ಮಾಡಿದರು. ಅವರ ಬೀದಿಯಿಂದಲೇ ಆಮೇಲೆ ನಾಲ್ಕು ಜನ ಬಂದರು.

ನಿಮ್ಮ ಬಾಡಿ ಚೆನ್ನಾಗಿದೆ ಅಂದಿರಿ, ಸಂತೋಷ. ಅದು ಜನರನ್ನು ಒಳಗೆ ಕರೆಯುತ್ತದೆ. ಆದರೆ ಸೆಟ್ ನಡೆಯುವಾಗ ನಿಮ್ಮ ಕಣ್ಣು ಮೊಬೈಲ್ ಮೇಲೋ ಕನ್ನಡಿ ಮೇಲೋ ಇದ್ದರೆ, ಅದನ್ನು ಕ್ಲೈಂಟ್ ಖಂಡಿತ ನೋಡಿರುತ್ತಾರೆ.

ಯಾವ ಸರ್ಟಿಫಿಕೇಟ್ ಮಾಡಿದರೆ ಒಳ್ಳೆಯದು? ನಾನು ಓದಿದ್ದು ಕನ್ನಡ ಮೀಡಿಯಂ, ಇಂಗ್ಲಿಷ್ ಪುಸ್ತಕ ನೋಡಿದರೆ ಭಯ.
*ಓದುಗ, ಅರಸೀಕೆರೆ*

ಏಸ್, ನ್ಯಾಸ್ಮ್, ಎಸಿಎಸ್ಎಂ ಅಮೆರಿಕದ್ದು, ನಮ್ಮ ದೇಶದ್ದು ಕೆ11 ಇದೆ. ಯಾವುದಾದರೂ ಒಂದನ್ನು ಪೂರ್ತಿ ಓದಿ ಮಾಡಿ. ಎರಡು ದಿನದ ಕ್ಲಾಸಿಗೆ ಫೋಟೋ ಸಮೇತ ಪ್ರಮಾಣಪತ್ರ ಕೊಡುವ ಕಡೆ ದುಡ್ಡು ಕಳೆಯಬೇಡಿ. ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವ ತುರ್ತು ಚಿಕಿತ್ಸೆ, ಮಾತ್ರ ಬಿಡಲೇಬೇಡಿ, ಗೊಂಬೆಯ ಮೇಲೆ ಕೈಯಾರೆ ಒತ್ತಿ ಕಲಿಯಿರಿ.

ಕನ್ನಡ ಮೀಡಿಯಂ ಅಂತ ಹಿಂಜರಿಯಬೇಡಿ. ಓದುವಾಗ ಒಂದೊಂದು ಸ್ನಾಯುವಿನ ಹೆಸರನ್ನು ನಿಮ್ಮ ಮೈಯಲ್ಲೇ ಮುಟ್ಟಿ ನೋಡಿಕೊಂಡು, ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಫ್ಲೋರ್‌ಗೆ ಬಂದ ಮೇಲೆ ಆ ಕನ್ನಡವೇ ಕೆಲಸಕ್ಕೆ ಬರುವುದು. 'ಗ್ಲೂಟ್ಸ್ ಎಂಗೇಜ್ ಮಾಡಿ, ಕೋರ್ ಬ್ರೇಸ್ ಮಾಡಿ' ಅಂದರೆ ಅಡಕೆ ಮಂಡಿಯ ಯಜಮಾನರಿಗೆ ಏನು ಅರ್ಥವಾಗಬೇಕು ಹೇಳಿ? 'ಹಿಂದೆ ಚಿಕ್ಕ ಮಣೆ ಇದೆ, ಅದರ ಮೇಲೆ ಕೂರೋಕೆ ಹೋಗಿ' ಅನ್ನಿ, ಸ್ಕ್ವಾಟ್ ತಾನಾಗಿ ಬರುತ್ತದೆ. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್‌ಗೆ 'ಎರಡೂ ಕೈ ತುಂಬ ಸಾಮಾನಿದೆ, ಬೆನ್ನ ಹಿಂದಿರುವ ಕಾರಿನ ಬಾಗಿಲನ್ನು ಸೊಂಟದಿಂದ ತಳ್ಳಿ ಮುಚ್ಚಿ' ಅನ್ನಿ. ಒಳಗಿನ ಸ್ನಾಯುವಿನ ಮೇಲೆ ಗಮನ ಇಡಿಸುವುದಕ್ಕಿಂತ ಹೊರಗಿನ ಒಂದು ವಸ್ತುವಿನ ಮೇಲೆ ಇಡಿಸಿದರೆ ಚಲನೆ ಬೇಗ ಕೂರುತ್ತದೆ, ಇದನ್ನು ಸಂಶೋಧಕರೂ ಮತ್ತೆ ಮತ್ತೆ ನೋಡಿದ್ದಾರೆ.

45 ದಾಟಿದವರು ಜಾಸ್ತಿ ಬರುತ್ತಿದ್ದಾರೆ, ಹೃದಯಾಘಾತದ ಭಯ ಹೇಳಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಅವರಿಗೆ ವರ್ಕೌಟ್ ಮಾಡಿಸೋಕೆ ನನಗೇ ಭಯ.
*ಓದುಗ, ಚನ್ನರಾಯಪಟ್ಟಣ*

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಜಿಮ್‌ಗೆ ಬರುವವರೆಲ್ಲ ನನ್ನನ್ನು ಅದೇ ಕೇಳಿದರು. 2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯಿಂದಲೇ ಒಂದರ ಹಿಂದೆ ಒಂದು ಸಾವಿನ ಸುದ್ದಿ ಬಂದಾಗ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲು ನಿಂತರು. ಆಮೇಲೆ ಸರ್ಕಾರದ ತಜ್ಞರ ಸಮಿತಿ ಬಿಪಿ, ಶುಗರ್, ಧೂಮಪಾನದಂಥ ಹಳೇ ಕಾರಣಗಳ ಕಡೆಗೇ ಬೆರಳು ತೋರಿಸಿತು. ಇವುಗಳಲ್ಲಿ ಬಿಪಿ, ಶುಗರ್ ಹತೋಟಿಗೆ ತರೋಕೆ ವ್ಯಾಯಾಮ ನೆರವಾಗುತ್ತದೆ. ಹಾಗಾಗಿ ಅವರನ್ನು ವಾಪಸ್ ಕಳಿಸಬೇಡಿ, ಸರಿಯಾಗಿ ಒಳಗೆ ಕರೆದುಕೊಳ್ಳಿ.

ವ್ಯಾಯಾಮ ಶುರು ಮಾಡುವ ಮೊದಲು ಕೇಳುವ ಪಾರ್ಕ್ಯೂ (PAR-Q) ಅನ್ನುವ ಪ್ರಶ್ನಾವಳಿ ಇದೆ: ಎದೆನೋವು, ತಲೆಸುತ್ತು, ಬಿಪಿ, ಹೃದಯದ ತೊಂದರೆ, ಮೂಳೆ ಕೀಲು, ಮಾತ್ರೆ. ಕನ್ನಡದಲ್ಲಿ ನೀವೇ ಕೇಳಿ ತುಂಬಿಸಿ. ಒಂದಕ್ಕೆ ಹೌದು ಅಂದರೂ ಡಾಕ್ಟರ್ ಹತ್ತಿರ ಕಳಿಸಿ ಚೀಟಿ ತರಿಸಿ. ಎರಡು ದಿನದ ಫೀಸ್ ಹೋಗಬಹುದು, ಹೋಗಲಿ. ವಾರ್ಮ್ ಅಪ್ ಹತ್ತು ನಿಮಿಷ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಲು ಬಿಡಬೇಡಿ, ಬಿಪಿ ಒಮ್ಮೆಲೇ ಏರುತ್ತದೆ. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಲ್ಲಿ ಹೃದಯದ ಬಡಿತ ಅಷ್ಟು ಏರುವುದೇ ಇಲ್ಲ, ವಾಚು ನೋಡಿ 'ಇನ್ನೂ ಜೋರಾಗಿ' ಅನ್ನಬಾರದು. ಮಾತಾಡಿಸಿ ನೋಡಿ, ಒಂದು ಪೂರ್ತಿ ವಾಕ್ಯ ಹೇಳೋಕೆ ಆಗದಿದ್ದರೆ ನಿಧಾನ ಮಾಡಿಸಿ. ಎದೆಯಲ್ಲಿ ಒತ್ತಿದಂತೆ, ದವಡೆ ಅಥವಾ ಎಡಗೈಗೆ ನೋವು, ತಣ್ಣನೆ ಬೆವರು ಅಂದರೆ ತಕ್ಷಣ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿಸಿ ಕಾಯಬೇಡಿ. ಪ್ರಜ್ಞೆ ತಪ್ಪಿ ಉಸಿರಾಟ ಇಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು. ಇದನ್ನು ಜಿಮ್‌ನ ಕ್ಲೀನಿಂಗ್ ಹುಡುಗನಿಂದ ಹಿಡಿದು ಎಲ್ಲರಿಗೂ ಕಲಿಸಿ.

ಪ್ರತಿ ಕ್ಲೈಂಟ್‌ಗೂ ಪ್ರೋಟೀನ್ ಪೌಡರ್ ಮಾರಬೇಕು, ಕಮಿಷನ್ ಕೊಡುತ್ತೇವೆ ಅನ್ನುತ್ತಾರೆ ಓನರ್.
*ಓದುಗ, ಬೇಲೂರು*

ಬೇಡ. ಪೌಡರ್ ವಿಷ ಅಂತ ನಾನು ಹೇಳುತ್ತಿಲ್ಲ, ಆದರೆ ಕಮಿಷನ್ ಬಂದ ದಿನವೇ ನಿಮ್ಮ ಮಾತಿನ ಬೆಲೆ ಇಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಸಾಮಾನ್ಯ ವ್ಯಕ್ತಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು, ಭಾರ ಎತ್ತುವವರಿಗೆ ಜಾಸ್ತಿ ಬೇಕು. ಮೊದಲು ಅವರ ತಟ್ಟೆ ನೋಡಿ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮುದ್ದೆ, ಇದರಲ್ಲಿ ಕಾಳು ಎಲ್ಲಿದೆ? ಹುರುಳಿಕಾಳು, ಅವರೆಕಾಳು, ಮೊಟ್ಟೆ, ಮೊಸರು ಸೇರಿಸಿದ ಮೇಲೂ ಕಡಿಮೆ ಬಿದ್ದರೆ ಆಗ ಪೌಡರ್ ಮಾತು. ಕಿಡ್ನಿ ತೊಂದರೆ ಇದ್ದವರಿಗೆ ನೀವು ಊಟ ಬರೆದುಕೊಡಲೇಬೇಡಿ. ಇನ್ನು ಬಾಡಿ ಬೆಳೆಸುವ ಸ್ಟೀರಾಯ್ಡ್ ಇಂಜೆಕ್ಷನ್ ವಿಷಯ ಯಾರಾದರೂ ಎತ್ತಿದರೆ, ಅಲ್ಲಿಂದ ಎದ್ದು ಬನ್ನಿ.

ಹೆಂಗಸರಿಗೇ ಟ್ರೇನಿಂಗ್ ಕೊಡಬೇಕು ಅಂತ ಆಸೆ. ಈ ಊರಲ್ಲಿ ನಡೆಯುತ್ತದಾ?
*ಓದುಗಿ, ಚಿಕ್ಕಮಗಳೂರು*

ಖಂಡಿತ ನಡೆಯುತ್ತದೆ, ನಿಮ್ಮಂಥವರಿಗೆ ಕಾಯುತ್ತಿರುವವರು ತುಂಬ ಜನ. ಸಮಯ ಸರಿಯಾಗಿ ಇಡಿ. ಬೆಳಿಗ್ಗೆ ಆರಕ್ಕೆ ತಿಂಡಿ, ಡಬ್ಬಿ ಬಿಟ್ಟು ಯಾರು ಬರುತ್ತಾರೆ? ಮಕ್ಕಳು ಸ್ಕೂಲಿಗೆ ಹೋದ ಮೇಲೆ ಹತ್ತೂವರೆಗೆ ಒಂದು ಬ್ಯಾಚ್ ಮಾಡಿ. ಮುಟ್ಟಿ ಸರಿಮಾಡುವ ಮೊದಲು ನೀವು ಹೆಣ್ಣಾದರೂ ಕೇಳಿಯೇ ಮುಟ್ಟಿ. ಹೆರಿಗೆ ಆದವರು ಬಂದರೆ ಡಾಕ್ಟರ್ ಒಪ್ಪಿಗೆ ಆಗಿದೆಯಾ, ಸಿಸೇರಿಯನ್ನಾ ಅಂತ ವಿಚಾರಿಸಿ. ಕೆಮ್ಮಿದಾಗ, ಹಾರಿದಾಗ ಮೂತ್ರ ಜಿನುಗುತ್ತದಾ ಅಂತಲೂ ಬೇರೆಯವರಿಲ್ಲದಾಗ ಮೆಲ್ಲಗೆ ಕೇಳಿ. ಎಷ್ಟೋ ಜನ ವರ್ಷಗಟ್ಟಲೆ ಯಾರಿಗೂ ಹೇಳದೆ, ಇದು ಹೀಗೇ ಅಂತ ಸಹಿಸಿಕೊಂಡಿರುತ್ತಾರೆ. ಇದ್ದರೆ ಸ್ಕಿಪ್ಪಿಂಗ್ ನಿಲ್ಲಿಸಿ, ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿ. ಅದಕ್ಕೆ ವ್ಯಾಯಾಮವೇ ಮದ್ದು, ಬಹಳ ಜನರಲ್ಲಿ ಕಡಿಮೆಯಾಗುತ್ತದೆ.

ಕಾಫಿ ಕೊಯ್ಲು ಶುರುವಾದರೆ ನನ್ನ ಅರ್ಧ ಕ್ಲೈಂಟ್‌ಗಳು ಮಾಯ. ಏನು ಮಾಡಲಿ?
*ಓದುಗ, ಸಕಲೇಶಪುರ*

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತೋಟದವರನ್ನು ವಾರಕ್ಕೆ ಐದು ದಿನ ಕರೆದರೆ ಅವರು ಪೂರ್ತಿ ಬಿಡುತ್ತಾರೆ. ನವೆಂಬರ್‌ನಲ್ಲೇ ಕೂರಿಸಿಕೊಂಡು ಮಾತಾಡಿ. ವಾರಕ್ಕೆ ಎರಡು ದಿನ, ಅರ್ಧ ಗಂಟೆ, ಕಣದ ಕೆಲಸ ಮುಗಿಸಿ ಸಂಜೆ ಏಳಕ್ಕೆ ಬಂದರೂ ಸರಿ, ಫೀಸೂ ಅಷ್ಟಕ್ಕೇ. ಎತ್ತುವ ಭಾರ ಇಳಿಸಬೇಡಿ, ಸೆಟ್ ಮಾತ್ರ ಕಡಿಮೆ ಮಾಡಿ. ಹಾಗೆ ಮಾಡಿದರೆ ಗಳಿಸಿದ ಶಕ್ತಿ ತಿಂಗಳುಗಟ್ಟಲೆ ಉಳಿಯುತ್ತದೆ. ತಪ್ಪಿಸಿಕೊಂಡ ವಾರ ಫೋನ್ ಮಾಡಿ 'ಯಾಕೆ ಬರಲಿಲ್ಲ' ಅಂತ ಕೇಳಬೇಡಿ, ಈ ಸಲ ಫಸಲು ಹೇಗಿದೆ, ಆಳು ಸಿಕ್ಕರಾ ಅಂತ ಕೇಳಿ. ಏಪ್ರಿಲ್‌ನಲ್ಲಿ ಅವರು ಬಂದಾಗ ನೋಟ್‌ಬುಕ್‌ನಲ್ಲಿ ಹಳೇ ಪುಟ ತೆಗೆದು, ನಿಲ್ಲಿಸಿದ ಕಡೆಯಿಂದ ಸ್ವಲ್ಪ ಕೆಳಗಿನಿಂದ ಶುರು ಮಾಡಿ.